ಬಿಲ್ಲೆಯೊಳಗಿನ ಮದುವೆಗೆ ಎಷ್ಟು ವರ್ಷ ಆಯುಷ್ಯ?

ಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಹೊಲದ ನಡುವೆ ದಾರ ಎಳೆದು ಹಳೆಯ ಸಿಡಿಗಳನ್ನು ತೂಗುಬಿಟ್ಟಿರುವುದನ್ನು ನೀವು ನೋಡಿರಬಹುದು. ಗಾಳಿಗೆ ಅವು ಗಿರಗಿರನೆ ತಿರುಗುತ್ತವೆ, ಬಿಸಿಲಿಗೆ ಫಳಫಳ ಹೊಳೆಯುತ್ತವೆ, ಗಿಳಿಗಳು ಬೆದರಿ ಪಕ್ಕದ ಹೊಲಕ್ಕೆ ಹಾರುತ್ತವೆ. ಇದೇ ವಸ್ತು ಹೊಸದಾಗಿ ಮನೆಗೆ ಬಂದಾಗ ಅಂಚನ್ನಷ್ಟೇ ಹಿಡಿದು, ಬೆರಳು ತಾಗದಂತೆ ಎತ್ತಿ ಪ್ಲೇಯರಿನ ತಟ್ಟೆಯ ಮೇಲಿಡುತ್ತಿದ್ದ ಕಾಲವಿತ್ತು. ಸಿನಿಮಾ ಹಾಡಿನ ಸಿಡಿಯಾದರೆ ಹೋಗಲಿ, ಆ ಹಾಡು ಇನ್ನೆಲ್ಲಾದರೂ ಸಿಕ್ಕೀತು. ಆದರೆ ಹಾಗೆ ತೂಗುವ ಬಿಲ್ಲೆಗಳ ನಡುವೆ ಮಾರ್ಕರ್ ಪೆನ್ನಿನಲ್ಲಿ ‘ಗೃಹಪ್ರವೇಶ’, ‘ನಾಮಕರಣ’, ‘ಮದುವೆ – ಭಾಗ 2’ ಎಂದು ಬರೆದದ್ದು ಒಂದಾದರೂ ಇದ್ದರೆ, ಅದರ ಇನ್ನೊಂದು ಪ್ರತಿ ಎಲ್ಲೂ ಇಲ್ಲದಿರುವ ಸಾಧ್ಯತೆಯೇ ಹೆಚ್ಚು.

ನಮ್ಮ ಮನೆಗಳ ನೆನಪಿನ ಚರಿತ್ರೆ ಬರೆಯುವುದಾದರೆ ಅದರಲ್ಲೊಂದು ವಿಚಿತ್ರ ಅಧ್ಯಾಯ ಸಿಗುತ್ತದೆ. ಅಜ್ಜ-ಅಜ್ಜಿಯರ ಮದುವೆಯ ಕಪ್ಪು-ಬಿಳುಪು ಫೋಟೊ ಇನ್ನೂ ಗೋಡೆಯ ಮೇಲಿದೆ. 1980ರ ದಶಕದಲ್ಲಿ ಹೆಗಲ ಮೇಲೆ ಕ್ಯಾಮೆರಾ ಹೊತ್ತ ವಿಡಿಯೊದವರು, ಅವರ ಬೆನ್ನಿಗೆ ಕಣ್ಣು ಕುಕ್ಕುವ ದೀಪ ಹಿಡಿದ ಹುಡುಗ, ಮದುವೆ ಮಂಟಪಕ್ಕೆ ಕಾಲಿಟ್ಟರು. ಮನೆಗೆ ವಿಎಚ್‌ಎಸ್ ಕ್ಯಾಸೆಟ್ ಬಂತು. 1990ರ ದಶಕದ ಕೊನೆಯ ಹೊತ್ತಿಗೆ ಕ್ಯಾಸೆಟ್ಟಿನ ಜಾಗಕ್ಕೆ ವಿಸಿಡಿ, ಕೆಲವೇ ವರ್ಷಗಳಲ್ಲಿ ಡಿವಿಡಿ ಬಂದವು. ಆ ಮೇಲಿನದೆಲ್ಲ ಪೆನ್‌ಡ್ರೈವ್ ಮತ್ತು ಫೋನಿನ ಕಥೆ. ಹೀಗೆ ನಡುವಿನ ಹದಿನೈದು ವರ್ಷಗಳ ಕಾಲ ನಡೆದ ಮದುವೆ, ಸೀಮಂತ, ಷಷ್ಟ್ಯಬ್ದಿಗಳು ಒಂದು ತೆಳು ಪ್ಲಾಸ್ಟಿಕ್ ಬಿಲ್ಲೆಯೊಳಗೆ ಸೇರಿ ಬೀರುವಿನ ಮೂಲೆಯಲ್ಲಿ ಕುಳಿತಿವೆ. ಹಳೆಯ ವಿಎಚ್‌ಎಸ್ ಕ್ಯಾಸೆಟ್ಟುಗಳನ್ನೂ ‘ಸಿಡಿಗೆ ಹಾಕಿಸಿ’ ಮೂಲವನ್ನು ಗುಜರಿಗೆ ಕೊಟ್ಟವರು ಬೇರೆ. ಆಗ ಓಡಾಡುತ್ತಿದ್ದ ಹಿರಿಯರಲ್ಲಿ ಎಷ್ಟೋ ಮಂದಿ ಈಗಿಲ್ಲ. ಅವರ ನಡಿಗೆ, ನಗು, ಹಸೆಯ ಮುಂದೆ ಕುಳಿತು ಹೇಳಿದ ಸೋಬಾನೆ ಪದ, ಎಲ್ಲಕ್ಕೂ ಆ ಬಿಲ್ಲೆಯೊಂದೇ ದಾಖಲೆ. (ಸೋಬಾನೆಯ ಮೇಲೆ ಸಿನಿಮಾ ಹಾಡು ಕೂರಿಸಿ ಮೂಲ ಧ್ವನಿಯನ್ನೇ ಅಳಿಸಿದ ಸ್ಟುಡಿಯೊಗಳ ಮಾತು ಇಲ್ಲಿ ಬೇಡ.)

ಸಿಡಿಗೆ ಕನ್ನಡದಲ್ಲಿ ಸಾಂದ್ರಮುದ್ರಿಕೆ, ಅಡಕಮುದ್ರಿಕೆ ಎಂಬ ಗಂಭೀರ ಹೆಸರುಗಳು ಬಂದವಾದರೂ ಅವು ಬಿಡುಗಡೆ ಸಮಾರಂಭದ ವೇದಿಕೆ ಬಿಟ್ಟು ಕೆಳಗಿಳಿಯಲಿಲ್ಲ. ಇಲ್ಲಿ ಬಿಲ್ಲೆ ಎಂದೇ ಕರೆಯೋಣ. ಮನೆಯಲ್ಲೋ ಸ್ಟುಡಿಯೊದಲ್ಲೋ ‘ಬರ್ನ್’ ಮಾಡಿದ ಈ ಬಿಲ್ಲೆ ಎಷ್ಟು ವರ್ಷ ಬಾಳುತ್ತದೆ? ಎರಡು ವರ್ಷದಿಂದ ನೂರು ವರ್ಷದವರೆಗೆ ಯಾವ ಉತ್ತರ ಬೇಕಾದರೂ ಸಿಗುತ್ತದೆ, ಪ್ರತಿಯೊಂದರ ಹಿಂದೆಯೂ ಒಂದೊಂದು ಪ್ರಯೋಗಾಲಯದ ಬೆಂಬಲವಿದೆ. ಏಕೆ ಹೀಗೆ ಎಂದು ತಿಳಿಯಲು ಬಿಲ್ಲೆಯ ಹೊಟ್ಟೆ ಸೀಳಿ ನೋಡಬೇಕು.

ಅಂಗಡಿಯಲ್ಲಿ ಕೊಂಡ ಸಿನಿಮಾ ಬಿಲ್ಲೆಗೂ ಮದುವೆಯ ಬಿಲ್ಲೆಗೂ ಹೊರನೋಟದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಒಳಗೆ ಮಾತ್ರ ಅಜಗಜಾಂತರ. ಕಾರ್ಖಾನೆಯ ಬಿಲ್ಲೆಯಲ್ಲಿ ಮಾಹಿತಿ ಎಂಬುದು ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತಿದ ಸೂಕ್ಷ್ಮ ಗುಳಿಗಳ ಸಾಲು. ಅದರ ಮೇಲೆ ಅಲ್ಯೂಮಿನಿಯಂ ಲೇಪ. ಬರ್ನ್ ಮಾಡುವ ಬಿಲ್ಲೆಯಲ್ಲಿ ಗುಳಿಗಳೇ ಇಲ್ಲ. ಅಲ್ಲಿರುವುದು ಸಾವಯವ ಬಣ್ಣದ ಒಂದು ತೆಳು ಪದರ. ಲೇಸರ್ ಕಿರಣ ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಚುಕ್ಕೆ ಮೂಡಿಸುತ್ತದೆ. ಓದುವಾಗ ಅದೇ ಲೇಸರ್, ಶಕ್ತಿ ತಗ್ಗಿಸಿಕೊಂಡು, ಸುಟ್ಟ ಜಾಗ ಯಾವುದು ಸುಡದ ಜಾಗ ಯಾವುದು ಎಂದು ಪ್ರತಿಫಲನದಿಂದ ಗುರುತಿಸುತ್ತದೆ. ಒಂದು ಕಲ್ಲಿನಲ್ಲಿ ಕೊರೆದ ಶಾಸನ, ಇನ್ನೊಂದು ಬಟ್ಟೆಗೆ ಹಾಕಿದ ಬಣ್ಣ. ಬಟ್ಟೆಯ ಬಣ್ಣಕ್ಕೆ ಬಿಸಿಲು, ಬೆವರು, ತೇವಗಳಿಂದ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಬಣ್ಣದಲ್ಲೂ ಜಾತಿಗಳಿವೆ. ಜಪಾನಿನ ತಾಯೊ ಯೂಡೆನ್ ಕಂಪನಿ 1988ರಲ್ಲಿ ಬರೆಯಬಲ್ಲ ಮೊದಲ ಸಿಡಿಯನ್ನು ರೂಪಿಸಿದಾಗ ಬಳಸಿದ್ದು ಸಯನಿನ್ ಎಂಬ ಬಣ್ಣ. ಅದು ಬೆಳಕಿಗೆ ಬೇಗ ಸೋಲುವಂಥದು. ಆಮೇಲೆ ಬಂದ ಥ್ಯಾಲೊಸಯನಿನ್ ಹೆಚ್ಚು ಗಟ್ಟಿ. ಬಣ್ಣದ ಮುದ್ರಣದಲ್ಲಿ ಕಾಣುವ ನೀಲಿ ಶಾಯಿಯೂ ಇದೇ ಕುಟುಂಬಕ್ಕೆ ಸೇರಿದ್ದು. ಮೂರನೆಯದು ಅಜೊ, ಕಡುನೀಲಿ. ಸಿಡಿಯನ್ನು ತಿರುಗಿಸಿ ಅಡಿಭಾಗ ನೋಡಿದರೆ ಜಾತಿಯನ್ನು ಒಂದಿಷ್ಟು ಊಹಿಸಬಹುದು: ಹಸಿರು ಮಿಶ್ರಿತ ನೀಲಿಯಾದರೆ ಸಯನಿನ್, ಬಣ್ಣವೇ ಇಲ್ಲವೆಂಬಷ್ಟು ತಿಳಿಯಾಗಿದ್ದರೆ ಥ್ಯಾಲೊಸಯನಿನ್, ಗಾಢ ನೀಲಿಯಾದರೆ ಅಜೊ.

ಬಣ್ಣದ ಬೆನ್ನಿಗೆ ಕನ್ನಡಿಯಂಥ ಲೋಹದ ಲೇಪ ಬೇಕು. ಸಾಮಾನ್ಯವಾಗಿ ಅದು ಬೆಳ್ಳಿ. ದೇವರ ಮನೆಯ ಬೆಳ್ಳಿ ದೀಪ ತಿಂಗಳೊಪ್ಪತ್ತಿನಲ್ಲಿ ಕಪ್ಪಾಗುವುದನ್ನು ಕಂಡವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಒಳನುಸುಳಿದರೆ ಬಿಲ್ಲೆಯ ಬೆಳ್ಳಿಯೂ ಮಾಸುತ್ತದೆ, ದೀಪವನ್ನು ಉಜ್ಜಿದ ಹಾಗೆ ಅದನ್ನು ಉಜ್ಜಲು ಬರುವುದಿಲ್ಲ. ಚಿನ್ನ ಮಾಸದು, ಚಿನ್ನದ ಲೇಪದ ಬಿಲ್ಲೆಗಳೂ ತಯಾರಾದವು, ಆದರೆ ಅವು ಹೋದದ್ದು ದೊಡ್ಡ ಗ್ರಂಥಾಲಯಗಳಿಗೆ, ದಾಖಲೆ ಸಂಗ್ರಹಾಲಯಗಳಿಗೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 50ರ ಗೋಪುರವಾಗಿ ಮಾರುತ್ತಿದ್ದ ಅಗ್ಗದ ಬಿಲ್ಲೆಗಳಲ್ಲಿ ಚಿನ್ನ ಹುಡುಕಿ ಪ್ರಯೋಜನವಿಲ್ಲ.

ಸಿಡಿಯ ಇನ್ನೊಂದು ಗುಟ್ಟು ಬಹಳ ಜನರಿಗೆ ತಿಳಿದಿಲ್ಲ. ನಾವು ಜೋಪಾನ ಮಾಡುವುದು ಹೊಳೆಯುವ ಅಡಿಭಾಗವನ್ನು. ನಿಜವಾಗಿ ನಾಜೂಕಾದದ್ದು ಹೆಸರು ಬರೆಯುವ ಮೇಲ್ಭಾಗ. ಸಿಡಿಯ ದಪ್ಪ 1.2 ಮಿಲಿಮೀಟರ್, ಅದರ ಬಹುಪಾಲು ಅಡಿಯ ಪಾರದರ್ಶಕ ಪ್ಲಾಸ್ಟಿಕ್. ಮಾಹಿತಿಯ ಪದರ ಇರುವುದು ಮೇಲ್ತುದಿಯಲ್ಲಿ, ಒಂದು ತೆಳು ಮೆರುಗೆಣ್ಣೆಯ ಮರೆಯಲ್ಲಿ. ಅಡಿಭಾಗದ ಗೀರನ್ನು ತಿಕ್ಕಿ ನಯ ಮಾಡಬಹುದು; ಮೇಲ್ಭಾಗದಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ‘ಅಕ್ಕನ ಮದುವೆ’ ಎಂದು ಬರೆದರೆ ಮದುವೆಯ ಒಂದು ತುಣುಕು ಅಲ್ಲೇ ಅಳಿಸಿಹೋಯಿತೆಂದೇ ಲೆಕ್ಕ. ವಧೂವರರ ಫೋಟೊ ಇರುವ ಚೆಂದದ ಸ್ಟಿಕ್ಕರ್ ಅಂಟಿಸುವುದೂ ಅಷ್ಟೇ ಅಪಾಯ. ಕಾಲಕ್ರಮದಲ್ಲಿ ಅದು ಏಳುವಾಗ ಬೆಳ್ಳಿಯನ್ನೂ ಕಿತ್ತುಕೊಂಡು ಏಳುತ್ತದೆ. ಡಿವಿಡಿಯ ರಚನೆ ಬೇರೆ. ಅಲ್ಲಿ 0.6 ಮಿಲಿಮೀಟರ್‌ನ ಎರಡು ತಟ್ಟೆಗಳನ್ನು ಅಂಟಿಸಿ ಬಣ್ಣವನ್ನು ನಡುವೆ ಅಡಗಿಸಿದ್ದಾರೆ. ಗೀರಿನ ಭಯ ಕಡಿಮೆ, ಆದರೆ ಅಂಟು ಬಿಟ್ಟರೆ ಅಂಚಿನಿಂದ ಗಾಳಿ, ತೇವ ಒಳಹೊಕ್ಕವು. ಮೇಲಾಗಿ ಸಿಡಿಯಲ್ಲಿ ಸುರುಳಿಯ ಸುತ್ತುಗಳ ನಡುವಿನ ಅಂತರ 1.6 ಮೈಕ್ರಾನ್ ಇದ್ದರೆ ಡಿವಿಡಿಯಲ್ಲಿ 0.74 ಮಾತ್ರ. ಅಕ್ಷರ ಸಣ್ಣದಾದಷ್ಟೂ ಒಂದು ಕಲೆ ನುಂಗುವ ಸಾಲುಗಳು ಹೆಚ್ಚು.

ಇಷ್ಟೆಲ್ಲ ಶತ್ರುಗಳಿದ್ದೂ ಬಿಲ್ಲೆ ವರ್ಷಗಟ್ಟಲೆ ಓಡುವುದಕ್ಕೆ ಕಾರಣ ಒಂದು ಗಣಿತ. 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ಟೇವ್ ಸಾಲಮನ್ ಎಂಬ ಇಬ್ಬರು ಅಮೆರಿಕನ್ನರು ಪ್ರಕಟಿಸಿದ ಲೇಖನವೊಂದರಲ್ಲಿ ಅದರ ಬೀಜವಿದೆ. ಮಾಹಿತಿಯ ಜೊತೆಗೆ ಲೆಕ್ಕಾಚಾರದ ಕೆಲವು ಹೆಚ್ಚುವರಿ ಅಂಕಿಗಳನ್ನೂ ಬರೆದಿಟ್ಟರೆ, ಕಳೆದುಹೋದ ಅಂಕಿಗಳನ್ನು ಉಳಿದವುಗಳಿಂದ ಲೆಕ್ಕಹಾಕಿ ಮರಳಿ ಪಡೆಯಬಹುದು. ಈ ಉಪಾಯದ ಬಲದಿಂದ ಸಿಡಿಯ ಮೇಲೆ ಸುಮಾರು ಎರಡೂವರೆ ಮಿಲಿಮೀಟರ್ ಉದ್ದದ ಜಾಗ ಪೂರ್ತಿ ಹಾಳಾಗಿದ್ದರೂ ಯಂತ್ರ ಅದನ್ನು ತುಂಬಿಕೊಂಡು ಮುಂದೆ ಹೋಗುತ್ತದೆ. ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ.

ಅಪಾಯವಿರುವುದು ಇಲ್ಲೇ. ಹಳೆಯ ಕ್ಯಾಸೆಟ್ಟು ಕೆಡುವಾಗ ಹೇಳಿಯೇ ಕೆಡುತ್ತಿತ್ತು: ಚಿತ್ರ ಮಸುಕಾಗುತ್ತಿತ್ತು, ಗೆರೆ ಬೀಳುತ್ತಿತ್ತು, ಧ್ವನಿ ಎಳೆಯುತ್ತಿತ್ತು. ಬಿಲ್ಲೆ ಹಾಗಲ್ಲ. ಗೆದ್ದಲು ಹಿಡಿದ ತೊಲೆಯಂತೆ ಹೊರಗೆ ನೆಟ್ಟಗೆ ನಿಂತಿರುತ್ತದೆ. ಒಳಗೆ ತಪ್ಪುಗಳು ವರ್ಷದಿಂದ ವರ್ಷಕ್ಕೆ ಏರುತ್ತಿರುತ್ತವೆ, ಗಣಿತ ಅವನ್ನು ಮುಚ್ಚಿಹಾಕುತ್ತಿರುತ್ತದೆ, ಮುಚ್ಚಲಾರದ ಮಟ್ಟ ಮುಟ್ಟಿದ ದಿನ ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಡುತ್ತದೆ. ‘ಹೋದ ದಸರೆಗೆ ಹಾಕಿದಾಗ ಚೆನ್ನಾಗಿಯೇ ಓಡಿತ್ತಲ್ಲ’ ಎಂಬ ಉದ್ಗಾರ ಅದಕ್ಕೇ.

ವಿಸಿಡಿಯದು ಇನ್ನೂ ಕಷ್ಟದ ಸ್ಥಿತಿ. 1993ರಲ್ಲಿ ರೂಪುಗೊಂಡ ಈ ಪದ್ಧತಿಯಲ್ಲಿ, ಒಂದೂಕಾಲು ಗಂಟೆಯ ಚಿತ್ರವನ್ನು ಒಂದು ಸಿಡಿಗೆ ತುರುಕಬೇಕಾಗಿತ್ತು. ಹೇಗೆ ತುರುಕಿದರು? ಕಂಪ್ಯೂಟರ್ ಕಡತಗಳಿಗೆ ಸಿಡಿಯಲ್ಲಿ ಎರಡು ಸುತ್ತಿನ ರಕ್ಷಣೆ ಇರುತ್ತದೆ. ವಿಸಿಡಿಯಲ್ಲಿ ಚಿತ್ರದ ಭಾಗಕ್ಕೆ ಎರಡನೆಯ ಸುತ್ತನ್ನು ಕೈಬಿಟ್ಟರು; ಹೀಗೆ ಪ್ರತಿ ಖಂಡದಲ್ಲಿ 2048 ಬೈಟ್ ಬದಲು 2324 ಬೈಟ್ ಹಿಡಿಯಿತು. ಜಾಗ ಸಿಕ್ಕಿತು, ರಕ್ಷಣೆ ಹೋಯಿತು. ಅಗ್ಗದ ಪ್ಲೇಯರುಗಳಿಂದಾಗಿ ವಿಸಿಡಿ ಬೇರೂರಿದ್ದು ಚೀನಾ, ಭಾರತದಂಥ ಏಷ್ಯಾದ ದೇಶಗಳಲ್ಲಿ. ಆದ್ದರಿಂದ ಈ ನಷ್ಟದ ಪಾಲೂ ಹೆಚ್ಚಾಗಿ ನಮ್ಮದೇ.

ಇನ್ನೊಂದು ಸಂಗತಿ. ಬಿಲ್ಲೆಯಲ್ಲಿ ಬರವಣಿಗೆ ಆರಂಭವಾಗುವುದು ಒಳಸುತ್ತಿನಿಂದ, ಮುಗಿಯುವುದು ಹೊರ ಅಂಚಿಗೆ. ಬೆರಳು ತಾಗುವುದು, ತೇವ ನುಸುಳುವುದು, ಅಂಟು ಬಿಡುವುದು ಎಲ್ಲ ಅಂಚಿನಲ್ಲೇ ಹೆಚ್ಚು. ತುಂಬ ಬರೆದ ಬಿಲ್ಲೆಯಲ್ಲಿ ಮೊದಲು ಕೆಡುವುದು ಸಾಮಾನ್ಯವಾಗಿ ಕೊನೆಯ ಭಾಗ. ಮದುವೆಯ ಬಿಲ್ಲೆಯಲ್ಲಿ ಕೊನೆಗೆ ಏನಿರುತ್ತದೆ ಎಂದು ಹೇಳಬೇಕೆ? ಹೆಣ್ಣೊಪ್ಪಿಸುವ ಶಾಸ್ತ್ರ. ದಿಬ್ಬಣ ಬರುವುದು, ಊಟದ ಪಂಕ್ತಿ, ಉಡುಗೊರೆ ಕೊಡಲು ನಿಂತ ಉದ್ದನೆಯ ಸಾಲು ಇವೆಲ್ಲ ಒಳಸುತ್ತಿನಲ್ಲಿ ಭದ್ರ. ತಂದೆ ಮಗಳ ಕೈಯನ್ನು ಬೀಗರ ಕೈಗಿತ್ತು ಅತ್ತದ್ದು ಅಂಚಿನಲ್ಲಿ.

ಇನ್ನು ವರ್ಷಗಳ ಲೆಕ್ಕಕ್ಕೆ ಬರೋಣ. ನೂರು ವರ್ಷ ಬಾಳುತ್ತದೆ ಎಂದು ಕಂಪನಿಗಳು ಹೇಳುವಾಗ ಬಿಲ್ಲೆಯೇ ಹುಟ್ಟಿ ಹತ್ತು ವರ್ಷವಾಗಿರಲಿಲ್ಲ. ಹಾಗಾದರೆ ಗೊತ್ತಾದದ್ದು ಹೇಗೆ? ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1889ರಲ್ಲಿ ಬಿಸಿಗೂ ರಾಸಾಯನಿಕ ಕ್ರಿಯೆಯ ವೇಗಕ್ಕೂ ಇರುವ ನಂಟನ್ನು ಒಂದು ಸೂತ್ರದಲ್ಲಿ ಹಿಡಿದಿಟ್ಟಿದ್ದ. ಅದನ್ನು ಆಧರಿಸಿ ಬಿಲ್ಲೆಗಳನ್ನು 80 ಡಿಗ್ರಿ ಆಸುಪಾಸಿನ ಬಿಸಿ, ಹಬೆಯಂಥ ತೇವವಿರುವ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಬೇಯಿಸುತ್ತಾರೆ. ತಪ್ಪುಗಳು ಎಷ್ಟು ಬೇಗ ಏರುತ್ತವೆ ಎಂದು ಅಳೆದು, ಸಾಧಾರಣ ಕೋಣೆಯಲ್ಲಿ ಎಷ್ಟು ವರ್ಷ ಬೇಕಾದೀತು ಎಂದು ಲೆಕ್ಕ ಹಾಕುತ್ತಾರೆ. ಅಕ್ಕಿ ಎಷ್ಟು ಹೊತ್ತಿಗೆ ಬೆಂದಿತು ಎಂಬುದರಿಂದ ಕಣಜದಲ್ಲಿ ಎಷ್ಟು ವರ್ಷ ಉಳಿದೀತು ಎಂದು ಹೇಳಿದ ಹಾಗೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಂಬುವಂಥದೂ ಅಲ್ಲ.

ಇಂಥ ಪರೀಕ್ಷೆಗಳಲ್ಲಿ ತೂಕವುಳ್ಳದ್ದು ಅಮೆರಿಕದ ಮಾನಕ ಸಂಸ್ಥೆ ‘ನಿಸ್ಟ್’ ಮತ್ತು ಲೈಬ್ರರಿ ಆಫ್ ಕಾಂಗ್ರೆಸ್ ಜೊತೆಗೂಡಿ ನಡೆಸಿ 2007ರಲ್ಲಿ ವರದಿ ಕೊಟ್ಟ ಅಧ್ಯಯನ. ಬರೆಯುವ ಸಿಡಿಗಳು ಬಹುತೇಕ ಎಲ್ಲವೂ 15 ವರ್ಷ ದಾಟುತ್ತವೆ ಎಂದು ಅದು ಅಂದಾಜಿಸಿತು. ಬರೆಯುವ ಡಿವಿಡಿಗಳಲ್ಲಿ ಆ ಗೆರೆ ದಾಟಿದವು ಅರ್ಧಕ್ಕಿಂತ ತುಸು ಕಡಿಮೆ. ಹೊಸದು ಹಳೆಯದಕ್ಕಿಂತ ಗಟ್ಟಿ ಎಂಬ ನಮ್ಮ ನಂಬಿಕೆಗೆ ಇದು ತಕ್ಕ ಪೆಟ್ಟು. ಕೆನಡಾದ ಸಂರಕ್ಷಣಾ ಸಂಸ್ಥೆ ತನ್ನ ಪಟ್ಟಿಯಲ್ಲಿ ಚಿನ್ನದ ಲೇಪ, ಥ್ಯಾಲೊಸಯನಿನ್ ಬಣ್ಣದ ಸಿಡಿಗೆ ನೂರು ವರ್ಷಕ್ಕೂ ಮೇಲ್ಪಟ್ಟ ಆಯುಷ್ಯ ಕೊಟ್ಟಿದೆ. ಬೆಳ್ಳಿ ಲೇಪದ ಸಯನಿನ್ ಅಥವಾ ಅಜೊ ಸಿಡಿಗೆ 20ರಿಂದ 50 ವರ್ಷ. ನಮ್ಮಲ್ಲಿ ಅತಿ ಹೆಚ್ಚು ಬಳಕೆಯಾದ ಸಾಧಾರಣ ಡಿವಿಡಿ-ಆರ್ ಬಿಲ್ಲೆಗೆ 10ರಿಂದ 20 ವರ್ಷ. 2005ರ ಮದುವೆಯ ಡಿವಿಡಿಗೆ ಈ ಲೆಕ್ಕದಲ್ಲಿ ಕೊಟ್ಟ ವಾಯಿದೆ ಈಗಾಗಲೇ ಮುಗಿದಿದೆ.

ಅದೂ ಒಳ್ಳೆಯ ಬಿಲ್ಲೆ, ಒಳ್ಳೆಯ ಕೋಣೆಯ ಮಾತು. ನಿಸ್ಟ್‌ನ ಕೈಪಿಡಿ ಹೇಳುವಂತೆ ಬಿಲ್ಲೆಗೆ ಹಿತವಾದದ್ದು 4ರಿಂದ 20 ಡಿಗ್ರಿ ಉಷ್ಣತೆ, ಶೇಕಡ 20ರಿಂದ 50ರಷ್ಟು ತೇವ. ಮೇ ತಿಂಗಳ ಕಲಬುರಗಿ, ರಾಯಚೂರುಗಳಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ. ಆಷಾಢದ ಮಂಗಳೂರು, ಆಗುಂಬೆಗಳಲ್ಲಿ ತೇವ 90ರ ಆಚೆ ಇರುತ್ತದೆ. ಅಲ್ಲಿ ಚಪ್ಪಲಿಗೂ ಕ್ಯಾಮೆರಾದ ಮಸೂರಕ್ಕೂ ಬೂಸ್ಟು ಹಿಡಿಯುತ್ತದೆ. ಬಿಲ್ಲೆಗೂ ಹಿಡಿದೀತೆ? ಮಧ್ಯ ಅಮೆರಿಕದ ಬೆಲೀಜ್ ದೇಶದ ಸೆಕೆಯಲ್ಲಿ ಹಾಗೆ ಆದದ್ದುಂಟು. ಅಲ್ಲಿಂದ ಬಂದ ಸಿಡಿಯೊಂದರಲ್ಲಿ ಜಿಯೊಟ್ರೈಕಮ್ ಜಾತಿಯ ಶಿಲೀಂಧ್ರವು ಅಂಚಿನಿಂದ ಒಳಹೊಕ್ಕು ಪದರಗಳನ್ನು ಮೇಯ್ದಿರುವುದನ್ನು ಸ್ಪೇನಿನ ವಿಜ್ಞಾನಿಗಳು 2001ರಲ್ಲಿ ವರದಿ ಮಾಡಿದರು.

ಬಿಲ್ಲೆ ಬದುಕಿದರೂ ಓದುವ ಯಂತ್ರ ಬದುಕಬೇಕಲ್ಲ. ಇಂಗ್ಲೆಂಡಿನಲ್ಲಿ 1086ರಲ್ಲಿ ಬರೆದ ‘ಡೂಮ್ಸ್‌ಡೇ’ ಎಂಬ ಭೂದಾಖಲೆಯ ಪುಸ್ತಕ ಇವತ್ತಿಗೂ ಓದಲು ಬರುತ್ತದೆ. ಅದರ 900ನೇ ವರ್ಷಕ್ಕೆಂದು 1986ರಲ್ಲಿ ಬಿಬಿಸಿ ಇಡೀ ದೇಶದ ಜನಜೀವನವನ್ನು ಲೇಸರ್ ಡಿಸ್ಕಿನಲ್ಲಿ ತುಂಬಿತು. ಹದಿನೈದೇ ವರ್ಷದಲ್ಲಿ ಅದನ್ನು ಓದುವ ಯಂತ್ರಗಳು ಅಪರೂಪವಾಗಿ, ಸಂಶೋಧಕರ ತಂಡವೇ ಕುಳಿತು ಪಾರುಮಾಡಬೇಕಾಯಿತು. ನಮ್ಮ ಬಿಲ್ಲೆಗಳ ಕಾಲವೂ ಹತ್ತಿರವಾಗಿದೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಬಿಲ್ಲೆಯ ಬಾಯಿಯೇ ಇಲ್ಲ. ಮೊದಲ ಬಿಲ್ಲೆ ರೂಪಿಸಿದ ತಾಯೊ ಯೂಡೆನ್ 2015ರಲ್ಲಿ ಈ ವ್ಯಾಪಾರ ಬಿಟ್ಟಿತು. ನೊಯ್ಡಾದ ಕಾರ್ಖಾನೆಗಳಿಂದ ಜಗತ್ತಿಗೆಲ್ಲ ಖಾಲಿ ಬಿಲ್ಲೆ ಕಳಿಸುತ್ತಿದ್ದ, 28 ರೂಪಾಯಿಗೆ ಸಿನಿಮಾ ವಿಸಿಡಿ ಮಾರಿ ಬೆರಗುಗೊಳಿಸಿದ ನಮ್ಮ ಮೋಸರ್ ಬೇರ್ ಕಂಪನಿಯನ್ನು ಮುಚ್ಚಲು 2018ರಲ್ಲಿ ಆದೇಶವಾಯಿತು. ಬರೆಯಬಲ್ಲ ಬ್ಲೂ-ರೇ ಬಿಲ್ಲೆಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರುವರಿಗೆ ನಿಲ್ಲಿಸಿತು. ಬಣ್ಣದ ಬದಲು ಕಲ್ಲಿನಂಥ ಪದರವಿರುವ, ಸಾವಿರ ವರ್ಷ ಬಾಳುವುದೆಂದು ಸಾರಿದ ‘ಎಂ-ಡಿಸ್ಕ್’ ತಂದ ಅಮೆರಿಕದ ಮಿಲೆನಿಯಾಟಾ ಕಂಪನಿ 2016ರಲ್ಲೇ ದಿವಾಳಿಯಾಯಿತು.

ಹಾಗಾದರೆ ಉಳಿಯುವುದು ಯಾವುದು? ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ತಾಳೆಗರಿ ಕಟ್ಟುಗಳು ಇದಕ್ಕೆ ಉತ್ತರ ಹೇಳುತ್ತವೆ. ಆರ್. ಶಾಮಾಶಾಸ್ತ್ರಿಗಳ ಕೈಗೆ 1905ರಲ್ಲಿ ಸಿಕ್ಕು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನೇ ನೋಡಿ. ಗ್ರಂಥಕ್ಕೆ ಸುಮಾರು ಎರಡು ಸಾವಿರ ವರ್ಷ. ಆ ಗರಿಗಳಿಗೆ ಅಷ್ಟು ವಯಸ್ಸಿಲ್ಲ. ಗರಿ ಜೀರ್ಣವಾಗುವ ಮೊದಲೇ ಯಾರೋ ಒಬ್ಬ ಲಿಪಿಕಾರ ಕಂಠ ಹಿಡಿದು ಹೊಸ ಗರಿಗೆ ನಕಲು ಮಾಡಿದ್ದ, ಅವನ ಪ್ರತಿಯನ್ನು ಇನ್ನೊಬ್ಬ.

ಬಿಲ್ಲೆಯ ವಿಚಾರದಲ್ಲಿ ಲಿಪಿಕಾರನ ಕೆಲಸ ಸುಲಭ. ಕಂಪ್ಯೂಟರಿಗೆ ತಂತಿಯಲ್ಲಿ ಸಿಕ್ಕಿಸುವ ಡಿವಿಡಿ ಡ್ರೈವ್ ಎರಡು ಮೂರು ಸಾವಿರ ರೂಪಾಯಿಯೊಳಗೆ ಈಗಲೂ ಸಿಗುತ್ತದೆ. ವಿಸಿಡಿ, ಡಿವಿಡಿಗಳಲ್ಲಿರುವ ಕಡತಗಳನ್ನು ಯಾವ ಬದಲಾವಣೆಯೂ ಇಲ್ಲದೆ ಇದ್ದಂತೆಯೇ ಹಾರ್ಡ್ ಡಿಸ್ಕಿಗೆ ಎಳೆದುಕೊಳ್ಳುವುದು ಲೇಸು; ಫೋನಿಗೆ ಒಗ್ಗಿಸಲು ಕುಗ್ಗಿಸುವುದನ್ನು ಆಮೇಲೆ ಮಾಡಿದರಾಯಿತು. ಹಾರ್ಡ್ ಡಿಸ್ಕೇನೂ ಚಿರಂಜೀವಿಯಲ್ಲ, ಆದ್ದರಿಂದ ಇನ್ನೊಂದು ಪ್ರತಿ ಇನ್ನೊಂದು ಮನೆಯಲ್ಲಿರಲಿ. ಆರಂಭಿಸುವುದಾದರೆ ವಿಸಿಡಿಗಳಿಂದ, ಅಗ್ಗದ ಡಿವಿಡಿಗಳಿಂದ, ಬಿಸಿಲು ಬೀಳುವ ಕಪಾಟಿನಲ್ಲಿದ್ದವುಗಳಿಂದ ಆರಂಭಿಸಬೇಕು. ಹಳೆಯ ಖಾಲಿ ಬಿಲ್ಲೆ ಇದೆಯೆಂದು ಮತ್ತೆ ಅದಕ್ಕೇ ಬರೆಯುವುದು ಬೇಡ. ಬರೆಯದ ಬಿಲ್ಲೆಯ ಬಣ್ಣಕ್ಕೆ ಆಯುಷ್ಯ ಇನ್ನೂ ಕಡಿಮೆ. ಅಂಗೈಯಗಲದ 8 ಸೆಂಟಿಮೀಟರ್ ಬಿಲ್ಲೆ ಹಾಕುವ ಕ್ಯಾಮೆರಾ ನಿಮ್ಮಲ್ಲಿದ್ದರೆ ಅದನ್ನು ಮಾರಬೇಡಿ. ಅದರ ಬಿಲ್ಲೆಯನ್ನು ಕೊನೆಗೆ ‘ಫೈನಲೈಸ್’ ಮಾಡದೆ ಬಿಟ್ಟಿದ್ದರೆ ಬೇರೆ ಯಂತ್ರಗಳು ಅದನ್ನು ಸಾಮಾನ್ಯವಾಗಿ ಓದುವುದಿಲ್ಲ.

ಓಡದ ಬಿಲ್ಲೆಯನ್ನು ತಕ್ಷಣ ಎಸೆಯುವುದೂ ಬೇಡ. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ (ಸುತ್ತಲೂ ಒರೆಸಿದರೆ ಗೀರು ಸಾಲಿನುದ್ದಕ್ಕೂ ಬೀಳುತ್ತದೆ), ಬೇರೆ ಬೇರೆ ಡ್ರೈವ್‌ಗಳಲ್ಲಿ ಹಾಕಿ ನೋಡಬೇಕು; ಒಂದು ಓದದ್ದನ್ನು ಇನ್ನೊಂದು ಓದುವುದುಂಟು. ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶವೊಂದಿದೆ. ಅದು ಕೆಟ್ಟ ಜಾಗದಲ್ಲಿ ಹಟ ಹಿಡಿದು ನಿಲ್ಲದೆ, ಮೊದಲು ಚೆನ್ನಾಗಿರುವುದನ್ನೆಲ್ಲ ಬಾಚಿಕೊಂಡು, ಯಾವ ಯಾವ ಖಂಡ ಸಿಗಲಿಲ್ಲ ಎಂದು ಪಟ್ಟಿ ಬರೆದಿಟ್ಟು, ಆಮೇಲೆ ಅವುಗಳ ಬೆನ್ನು ಹತ್ತುತ್ತದೆ. ಒಂದೇ ಮೂಲದಿಂದ ಬರೆದ ಎರಡು ಬಿಲ್ಲೆಗಳಿದ್ದರೆ, ಮೊದಲನೆಯದರಲ್ಲಿ ಸಿಗದ ಖಂಡಗಳನ್ನು ಎರಡನೆಯದರಿಂದ ತಂದು ತುಂಬುತ್ತದೆ. ಡಿ.ಎಲ್. ನರಸಿಂಹಾಚಾರ್ಯರಂಥ ಗ್ರಂಥಸಂಪಾದಕರು ಹಲವು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು, ಒಂದರಲ್ಲಿ ಹುಳು ತಿಂದ ಪದ್ಯವನ್ನು ಇನ್ನೊಂದರಿಂದ ಎತ್ತಿ ಪೂರ್ಣಪಾಠ ಕಟ್ಟಿದ ಹಾಗೆ. ನಮ್ಮ ಮದುವೆಗಳಲ್ಲಿ ಸ್ಟುಡಿಯೊದವರು ಬಿಲ್ಲೆಯನ್ನು ಎರಡು ಪ್ರತಿ ಮಾಡುತ್ತಿದ್ದುದು ಸಾಮಾನ್ಯ, ಒಂದು ಹೆಣ್ಣಿನ ಮನೆಗೆ, ಒಂದು ಗಂಡಿನ ಮನೆಗೆ. ಎರಡೂ ಒಂದೇ ಜಾಗದಲ್ಲಿ ಕೆಟ್ಟಿರುವ ಸಂಭವ ಕಡಿಮೆ. ಇಷ್ಟಕ್ಕಾಗಿ ಬೀಗರ ಮನೆಗೊಂದು ಫೋನು ಮಾಡಬೇಕಾಗುತ್ತದೆ.